ಮಾದಕ ವಸ್ತು ಸೇವನೆ ಮತ್ತು ಚಾಲನಾ ಅನುಜ್ಞಾ ಪತ್ರದ ಅನರ್ಹತೆ

ಸಂಡೂರು ತಾಲ್ಲೂಕಿನ ದೋಣಿಮಲೈ ಸುತ್ತಮುತ್ತ ಅದಿರು ಸಾಗಿಸುವ ಲಾರಿ ಚಾಲಕರಿಗೆ ಚಾಲನಾ ಅನುಜ್ಞಾ ಪತ್ರವೇ (ಲೈಸೆನ್ಸ್) ಜೀವನಾಧಾರ. ಗಾಂಜಾ ಮುಂತಾದ ಮಾದಕ ವಸ್ತು ಸೇವಿಸಿ ವಾಹನ ಚಲಾಯಿಸಿದಲ್ಲಿ ಈ ಪತ್ರಕ್ಕೇ ಧಕ್ಕೆ ಬರುತ್ತದೆ. ಇಂತಹ ಆಡಳಿತಾತ್ಮಕ ದಂಡನೆಯಿಂದ ಸೇವನೆ ನಿಲ್ಲುವುದೇ ಎಂಬುದು ಸಾರ್ವಜನಿಕರ ಸಹಜ ಪ್ರಶ್ನೆ.

ಮೋಟಾರು ವಾಹನಗಳ ಅಧಿನಿಯಮ, 1988ರ 185ನೇ ಪ್ರಕರಣದಂತೆ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಕಾರಾವಾಸ ಅಥವಾ ರೂ. 10,000 ಜುಲ್ಮಾನೆ ಅಥವಾ ಎರಡನ್ನೂ ನ್ಯಾಯಾಲಯವು ವಿಧಿಸಬಹುದು. ಇದಲ್ಲದೆ, ಮಾದಕ ವಸ್ತುವಿನ ವ್ಯಸನಿಯಾದವರನ್ನು ಅನುಜ್ಞಾ ಪ್ರಾಧಿಕಾರವು 19ನೇ ಪ್ರಕರಣದಡಿ ಅನರ್ಹಗೊಳಿಸಬಹುದು. ಆದೇಶಕ್ಕೆ ಮುನ್ನ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡುವುದು ಕಡ್ಡಾಯ. ಬಾಧಿತರು ಆದೇಶ ತಲುಪಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ದಂಡನೆ ಎಷ್ಟು ಕಠಿಣ ಎಂಬುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಎಂಬುದೇ ಜನರನ್ನು ಹೆಚ್ಚಾಗಿ ತಡೆಯುತ್ತದೆ. ಮದ್ಯಕ್ಕೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಎಂಬ ಮಿತಿ ಇದ್ದು, ರಸ್ತೆ ಬದಿಯಲ್ಲೇ ಉಸಿರು ಪರೀಕ್ಷಿಸಬಹುದು. ಗಾಂಜಾ ವಿಷಯದಲ್ಲಿ ಕಾನೂನು ಅಂತಹ ಅಂಕಿಯನ್ನು ನಿಗದಿಪಡಿಸಿಲ್ಲ. ವಾಹನದ ಮೇಲೆ ಹತೋಟಿ ತಪ್ಪುವಷ್ಟು ಅಮಲು ಇತ್ತೆಂದು ಸಾಬೀತಾಗಬೇಕು. ಆದುದರಿಂದ ಮದ್ಯಪಾನಿಗಿರುವ ಭಯ ಗಾಂಜಾ ಸೇವಿಸಿದವನಿಗಿಲ್ಲ. ಕುತೂಹಲಕ್ಕೆ ಎಂದಾದರೊಮ್ಮೆ ಸೇವಿಸುವ ಚಾಲಕ ಲೈಸೆನ್ಸ್ ಹೋದೀತೆಂದು ಹಿಂಜರಿಯಬಹುದು. ವ್ಯಸನಿಯ ಮಾತು ಬೇರೆ: ಆತನ ಸೇವನೆ ಲೆಕ್ಕಾಚಾರದ್ದಲ್ಲ. ದುಡಿಮೆ ತಪ್ಪಿದರೆ ಹೊರೆ ಬೀಳುವುದು ಮನೆಯವರ ಮೇಲೆ.

ಪೋರ್ಚುಗಲ್ ದೇಶವು 2001ರ ಜುಲೈ 1ರಿಂದ ಸ್ವಂತ ಬಳಕೆಗೆ ಮಾದಕ ವಸ್ತು ಹೊಂದಿರುವುದನ್ನು ಕ್ರಿಮಿನಲ್ ಅಪರಾಧದ ಬದಲು ಆಡಳಿತಾತ್ಮಕ ತಪ್ಪೆಂದು ಪರಿಗಣಿಸಿತು. ಮೂವರು ಸದಸ್ಯರ ಆಯೋಗವು ಪ್ರಕರಣವನ್ನು ವಿಚಾರಿಸುತ್ತದೆ. ವ್ಯಸನಿಯಲ್ಲದವರಿಗೆ ಹಣದ ದಂಡ ವಿಧಿಸಬಹುದು, ವ್ಯಸನಿಗೆ ವಿಧಿಸುವಂತಿಲ್ಲ. ಅವನನ್ನು ಚಿಕಿತ್ಸೆಯತ್ತ ಕಳುಹಿಸಲಾಗುತ್ತದೆ. ಅಲ್ಲಿ ಚುಚ್ಚುಮದ್ದಿನ ಮೂಲಕ ಮಾದಕ ವಸ್ತು ಬಳಸುವವರಲ್ಲಿ ಹೊಸ ಎಚ್.ಐ.ವಿ. ಸೋಂಕು ಬಹಳ ಇಳಿಯಿತು. ಚಿಕಿತ್ಸಾ ಸೌಲಭ್ಯವೂ ಜೊತೆಯಲ್ಲೇ ವಿಸ್ತರಿಸಿದ್ದರಿಂದ ಇದನ್ನು ದಂಡನೆಯ ಫಲವೆನ್ನಲಾಗದು.

ನಮ್ಮ ಎನ್.ಡಿ.ಪಿ.ಎಸ್. ಅಧಿನಿಯಮ, 1985ರಲ್ಲಿಯೂ ಇಂತಹ ದಾರಿ ಇದೆ, ತಿಳಿದವರು ಕಡಿಮೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿಯು ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದಲ್ಲಿ, 64ಎ ಪ್ರಕರಣದಂತೆ ಆ ಆರೋಪದ ವಿಚಾರಣೆಗೆ ಗುರಿಯಾಗುವುದಿಲ್ಲ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಈ ರಕ್ಷಣೆ ರದ್ದಾಗಬಹುದು.

ಬಳ್ಳಾರಿ ಜಿಲ್ಲೆಗೆ ಇದರಲ್ಲಿ ಹಿರಿಮೆಯೊಂದಿದೆ. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲಾ ಮಟ್ಟಕ್ಕೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಆರಂಭಿಸಿದ್ದು ಇಲ್ಲಿಯೇ. 1996ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಚಾಲಕರು ಹಾಗೂ ಕುಟುಂಬದವರು ನೋಟಿಸು ಬರುವವರೆಗೆ ಕಾಯದೆ ಸರ್ಕಾರಿ ಆಸ್ಪತ್ರೆಯ ಮನೋರೋಗ ತಜ್ಞರನ್ನು ಕಾಣಬಹುದು, ಅಥವಾ ವ್ಯಸನಮುಕ್ತಿ ಕುರಿತ ರಾಷ್ಟ್ರೀಯ ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು.