ನಲ್ಲಿ ಮುಟ್ಟಿದರೆ ಜುಮ್ ಎನ್ನುತ್ತದೆಯೇ?

ನಮ್ಮ ಅತ್ತೆಯವರು ಸುಮಾರು ಎರಡು ತಿಂಗಳ ಕಾಲ ಒಂದೇ ದೂರು ಹೇಳುತ್ತಿದ್ದರು. ಮಗ್ರಿಬ್ ನಮಾಝಿಗೆ ವುಝೂ ಮಾಡಲು ಹೋದಾಗ ನಲ್ಲಿ ಮುಟ್ಟಿದರೆ ಬೆರಳು ಜುಮ್ ಎನ್ನುತ್ತದೆ ಎಂದು. ಬೆಳಿಗ್ಗೆ ಸುಬ್‌ಹಿಗೆ ಏನೂ ಆಗುವುದಿಲ್ಲ, ಸಂಜೆ ಮಾತ್ರ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಕಾಯಿಲೆಯವರಿಗೆ ಕೈಕಾಲು ಜೋಮು ಹಿಡಿಯುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ವಿಷಯ. "ನರದ ದೌರ್ಬಲ್ಯ ಉಮ್ಮಾ, ಮುಂದಿನ ಸಲ ಡಾಕ್ಟರಿಗೆ ಹೇಳೋಣ" ಎಂದು ನಾವು ಸಮಾಧಾನ ಹೇಳಿದೆವು. ವಯಸ್ಸಾದವರ ಮಾತಿಗೆ ನಾವು ಕೊಡುವ ಬೆಲೆ ಇಷ್ಟೇ ತಾನೇ?

ಒಂದು ಸಂಜೆ ಮಗಳು ಬರಿಗಾಲಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಪ್ರಾಜೆಕ್ಟ್ ಕೆಲಸ ಮಾಡುತ್ತಿದ್ದಳು. ಪೆನ್‌ಡ್ರೈವ್ ಹಾಕಲು ಪೆಟ್ಟಿಗೆಯ ಹಿಂಭಾಗ ಮುಟ್ಟಿದವಳು ಕೈ ಕೊಡವಿ, "ಉಮ್ಮಾ, ಇದು ಕಚ್ಚುತ್ತದೆ" ಎಂದಳು. ಆಗ ನನ್ನ ಎದೆ ಧಸಕ್ಕೆಂದಿತು. ಅತ್ತೆಗೆ ನಲ್ಲಿ ಕಚ್ಚುವುದು ಸಂಜೆ, ಮಕ್ಕಳು ಕಂಪ್ಯೂಟರ್ ಹಚ್ಚುವುದೂ ಸಂಜೆ!

ಮರುದಿನ ವೈರ್‌ಮ್ಯಾನ್ ಬಂದು ನೋಡಿದಾಗ ವಿಷಯ ಬೆಳಕಿಗೆ ಬಂತು. ನಮ್ಮದು ಹಳೆಯ ಮನೆ. ಕಟ್ಟುವಾಗ ಅರ್ತಿಂಗ್‌ಗೆಂದು ಪ್ರತ್ಯೇಕ ಗುಂಡಿ ತೋಡಿರಲಿಲ್ಲ. ಮನೆಯ ಅರ್ತ್ ತಂತಿಗಳನ್ನೆಲ್ಲ ಒಟ್ಟು ಸೇರಿಸಿ ನೀರಿನ ಕಬ್ಬಿಣದ ಪೈಪಿಗೆ ಸುತ್ತಿಬಿಟ್ಟಿದ್ದರು. ಪೈಪು ನೆಲದೊಳಗೆ ಹೋಗುತ್ತಿದ್ದುದರಿಂದ ಹೇಗೋ ಕೆಲಸ ನಡೆಯುತ್ತಿತ್ತು. ಮೂರು ವರ್ಷದ ಹಿಂದೆ ಪೈಪು ತುಕ್ಕು ಹಿಡಿದಾಗ ಹೊರಗಿನ ಭಾಗವನ್ನು ಕಿತ್ತು ಪಿವಿಸಿ ಪೈಪು ಹಾಕಿಸಿದೆವು. ಗೋಡೆಯೊಳಗಿನ ಕಬ್ಬಿಣದ ತುಂಡು ಮಾತ್ರ ಹಾಗೆಯೇ ಉಳಿಯಿತು. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಹೀಗಾಗಿ ಮನೆಯ ಅರ್ತ್ ತಂತಿಗೆ ಭೂಮಿಯ ಸಂಬಂಧ ತಪ್ಪಿ, ಬಚ್ಚಲಿನ ನಲ್ಲಿಯ ಸಂಬಂಧವಷ್ಟೇ ಉಳಿದಿತ್ತು. ಪ್ಲಂಬರ್ ತನ್ನ ಕೆಲಸ ಸರಿಯಾಗಿಯೇ ಮಾಡಿದ್ದ. ಆ ಪೈಪಿಗೆ ಸುತ್ತಿದ್ದ ತಂತಿ ಯಾಕಿದೆ ಎಂದು ಕೇಳುವ ಬುದ್ಧಿ ನಮಗೆ ಯಾರಿಗೂ ಬರಲಿಲ್ಲ.

ಪ್ರಿಯ ಸಹೋದರಿಯರೇ, ನಿಮ್ಮ ಮನೆಯ ಪ್ಲಗ್ಗನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮೂರು ಕಡ್ಡಿಗಳಲ್ಲಿ ಮೇಲಿನದು ದಪ್ಪವಾಗಿದೆ, ಉದ್ದವಾಗಿಯೂ ಇದೆ. ಅದೇ ಅರ್ತ್. ಉದ್ದ ಯಾಕೆಂದರೆ, ಪ್ಲಗ್ ಹಾಕುವಾಗ ಅದು ಎಲ್ಲಕ್ಕಿಂತ ಮೊದಲು ತಾಗಬೇಕು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಫ್ರಿಜ್, ಗ್ರೈಂಡರ್, ಇಸ್ತ್ರಿಪೆಟ್ಟಿಗೆಗಳ ಒಳಗೆ ತಂತಿ ಸವೆದು ಲೋಹದ ಮೈಗೆ ತಾಗಿದರೆ, ವಿದ್ಯುತ್ತು ನಿಮ್ಮ ಮೈಯ ಮೂಲಕ ಹೋಗದೆ ಈ ತಂತಿಯ ಮೂಲಕ ಹೋಗಿ ಫ್ಯೂಸ್ ಹಾರಿಸುತ್ತದೆ. ಕಂಪ್ಯೂಟರಿನ ವಿಷಯ ಇನ್ನೂ ಸೂಕ್ಷ್ಮ. ಅದರ ಪವರ್ ಸಪ್ಲೈಯೊಳಗೆ ವಿದ್ಯುತ್ತಿನ ಗದ್ದಲವನ್ನು ಸೋಸಲು ಪುಟ್ಟ ಕೆಪಾಸಿಟರುಗಳಿರುತ್ತವೆ. ಅವು ಅತ್ಯಲ್ಪ ವಿದ್ಯುತ್ತನ್ನು ಸದಾ ಅರ್ತ್‌ಗೆ ಬಿಡುತ್ತಿರುತ್ತವೆ. ಅರ್ತ್ ಇಲ್ಲದಿದ್ದರೆ ಪೆಟ್ಟಿಗೆಯ ಮೈಮೇಲೆ ನಮ್ಮ 230 ವೋಲ್ಟಿನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಹರಿಯುವ ಪ್ರಮಾಣ ತೀರಾ ಕಡಿಮೆಯಾದ್ದರಿಂದ ಜುಮ್ ಎನ್ನುತ್ತದೆಯೇ ಹೊರತು ಜೀವ ತೆಗೆಯುವುದಿಲ್ಲ.

ಹಾಗಾದರೆ ಹೆದರಬೇಕಾದ್ದೇನು ಎಂದು ಕೇಳಬಹುದು. ಹೆದರಬೇಕಾದ್ದು ಕಂಪ್ಯೂಟರಿಗಲ್ಲ. ಕಂಪ್ಯೂಟರ್ ನಮಗೆ ಸುದ್ದಿ ಹೇಳಿತು ಅಷ್ಟೇ. ಅದೇ ಅರ್ತ್ ತಂತಿಗೆ ನಮ್ಮ ಗೀಸರ್ ಜೋಡಣೆಯಾಗಿತ್ತು, ಫ್ರಿಜ್ ಇತ್ತು, ವಾಷಿಂಗ್ ಮೆಷಿನ್ ಇತ್ತು. ಅವುಗಳಲ್ಲಿ ಒಂದರೊಳಗೆ ತಂತಿ ಕೆಟ್ಟಿದ್ದರೂ ಪೂರ್ತಿ 230 ವೋಲ್ಟ್ ಎಲ್ಲ ಸಾಧನಗಳ ಮೈಗೂ, ಜೊತೆಗೆ ಅತ್ತೆಯವರು ಒದ್ದೆ ಕೈಯಲ್ಲಿ ಮುಟ್ಟುವ ಆ ನಲ್ಲಿಗೂ ಬರುತ್ತಿತ್ತು. ಎರಡು ತಿಂಗಳು ಅವರು ದಿನವೂ ಎಚ್ಚರಿಸುತ್ತಿದ್ದರು, ನಾವು ಅದನ್ನು ಕಾಯಿಲೆ ಎಂದು ಕರೆದೆವು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆದ್ದರಿಂದ ಮನೆಯಲ್ಲಿ ಯಾರಾದರೂ ಜುಮ್ ಎನ್ನುತ್ತದೆ ಎಂದರೆ ಚಪ್ಪಲಿ ಹಾಕಿಕೊಳ್ಳಿ ಎಂದು ಹೇಳಿ ಸುಮ್ಮನಾಗಬೇಡಿ. ಪರವಾನಗಿ ಇರುವ ವೈರ್‌ಮ್ಯಾನ್‌ರನ್ನು ಕರೆಸಿ ಅರ್ತ್ ಪರೀಕ್ಷಿಸಿ. ಸಾಕೆಟ್ಟಿಗೆ ಮೂರು ತೂತು ಇದ್ದ ಮಾತ್ರಕ್ಕೆ ಹಿಂದೆ ಮೂರು ತಂತಿ ಇದೆ ಎಂದಲ್ಲ. ಹೊರಗೆ ಗುಂಡಿ ತೋಡಿ ಪೈಪೋ ತಗಡೋ ಹೂತು, ಅಲ್ಲಿಂದ ಬೋರ್ಡಿನವರೆಗೆ ಎಲ್ಲೂ ತುಂಡಾಗದ ತಂತಿ ಬರಬೇಕು. ನಮ್ಮ ಕರಾವಳಿಯ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗುವುದರಿಂದ ಆ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕುವುದು ಒಳ್ಳೆಯದು. ಅರ್ತ್ ಗುಂಡಿ ಎಲ್ಲಿದೆ ಎಂದು ಗಂಡಸರನ್ನು ಕೇಳಿ ನೋಡಿ, ಎಷ್ಟೋ ಮನೆಗಳಲ್ಲಿ ಅವರಿಗೂ ಗೊತ್ತಿರುವುದಿಲ್ಲ.

ಇನ್ನು ಯುಪಿಎಸ್. 2020ರ ಲಾಕ್‌ಡೌನ್ ಕಾಲದಲ್ಲಿ ಮಕ್ಕಳ ಆನ್‌ಲೈನ್ ತರಗತಿಗಾಗಿ ಅನೇಕರು ಕಂಪ್ಯೂಟರ್ ಜೊತೆಗೆ ಇದನ್ನೂ ಕೊಂಡರು. 600 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಸುಮಾರು 360 ವ್ಯಾಟ್ ಮಾತ್ರ ಹೊರಬಲ್ಲದು. ಒಳಗಿರುವುದು 12 ವೋಲ್ಟ್, 7 ಆಂಪಿಯರ್ ಅವರ್‌ನ ಒಂದು ಪುಟ್ಟ ಬ್ಯಾಟರಿ. ಎರಡನ್ನು ಗುಣಿಸಿದರೆ 84 ವ್ಯಾಟ್ ಅವರ್. 120 ವ್ಯಾಟಿನ ಕಂಪ್ಯೂಟರ್ ಮುಕ್ಕಾಲು ಗಂಟೆಯ ಹತ್ತಿರ ನಡೆಯಬೇಕು ಎಂದು ಲೆಕ್ಕ ಹೇಳುತ್ತದೆ. ಆದರೆ ವೇಗವಾಗಿ ಹೀರಿದರೆ ಬ್ಯಾಟರಿ ತನ್ನೆಲ್ಲ ಶಕ್ತಿ ಕೊಡುವುದಿಲ್ಲ, ಪರಿವರ್ತನೆಯಲ್ಲೂ ನಷ್ಟವಿದೆ. ಹೊಸದಿದ್ದಾಗ ಹದಿನೈದು ಇಪ್ಪತ್ತು ನಿಮಿಷ ಸಿಕ್ಕರೆ ಅದೇ ಹೆಚ್ಚು. ಅದು ಇರುವುದು ಕೆಲಸವನ್ನು ಉಳಿಸಿ ಕಂಪ್ಯೂಟರ್ ಮುಚ್ಚಲಿಕ್ಕೆ, ಸಿನಿಮಾ ಮುಗಿಸಲಿಕ್ಕಲ್ಲ. ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸಲೇಬಾರದು, ಅದು ಕಾಯುವಾಗ ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಇದು ತಾಳದು. ಮಿಕ್ಸಿಯ ಮಾತಂತೂ ಬೇಡ.

ಬ್ಯಾಟರಿಯ ಆಯುಷ್ಯ ಸಾಮಾನ್ಯವಾಗಿ ಎರಡು ಮೂರು ವರ್ಷ. ಕರೆಂಟ್ ಹೋದೊಡನೆ ಕಂಪ್ಯೂಟರ್ ಆರಿದರೆ, ಪೆಟ್ಟಿಗೆ ವಿಪರೀತ ಬಿಸಿಯಾದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ, ಬ್ಯಾಟರಿಯ ಹೊಟ್ಟೆ ಉಬ್ಬಿದರೆ ಮತ್ತೆ ಒಂದು ದಿನವೂ ಕಾಯಬೇಡಿ. ಯುಪಿಎಸ್ ಸರಿಯಿದೆಯೇ ಎಂದು ಪರೀಕ್ಷಿಸಲು ಕೆಲವರು ಗೋಡೆಯಿಂದ ಪ್ಲಗ್ಗನ್ನೇ ಕಿತ್ತುಬಿಡುತ್ತಾರೆ. ಕಿತ್ತರೆ ಅರ್ತ್ ಕೂಡ ಹೋಗುತ್ತದೆ. ಗೋಡೆಯ ಸ್ವಿಚ್ ಮಾತ್ರ ಆರಿಸಿ. ಕಿತ್ತ ಮೇಲೂ ಯುಪಿಎಸ್‌ನ ಹಿಂದಿನ ತೂತುಗಳಲ್ಲಿ 230 ವೋಲ್ಟ್ ಇರುತ್ತದೆ ಎಂಬುದನ್ನು, ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ, ಮರೆಯಲೇಬೇಡಿ.

ಇನ್‌ವರ್ಟರಿನ ವಿಷಯ ಸ್ವಲ್ಪ ದೊಡ್ಡದು. 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿಯಲ್ಲಿ ಗಂಧಕಾಮ್ಲವಿದೆ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ಇದು ನೂರಕ್ಕೆ ನಾಲ್ಕು ಪಾಲಾದರೂ ಒಂದು ಕಿಡಿಗೆ ಸಿಡಿಯಬಲ್ಲದು. ಹಾಗಿದ್ದೂ ನಾವು ಅದನ್ನು ಎಲ್ಲಿಡುತ್ತೇವೆ? ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿನಲ್ಲಿ, ಹಳೆಯ ಪತ್ರಿಕೆ ಮತ್ತು ಸೀಮೆಎಣ್ಣೆ ಡಬ್ಬದ ಪಕ್ಕದಲ್ಲಿ. ಅಂದಕ್ಕೆಂದು ಮೇಲೊಂದು ಕಸೂತಿ ಬಟ್ಟೆ ಬೇರೆ! ಗಾಳಿಯಾಡುವ ಜಾಗವೇ ಬೇಕು. ಮಲಗುವ ಕೋಣೆ ಬೇಡ. ಹತ್ತಿರ ಊದುಬತ್ತಿ, ಲೋಬಾನ ಹಚ್ಚಬೇಡಿ. ನೀರಿನ ಮಟ್ಟ ಇಳಿದಾಗ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್. ಬಾವಿಯ ನೀರಲ್ಲ, ಫಿಲ್ಟರ್ ನೀರೂ ಅಲ್ಲ, ಆಸಿಡ್ ಅಂತೂ ಅಲ್ಲವೇ ಅಲ್ಲ. ಆ ಕೆಲಸಕ್ಕೆ ಮುಂಚೆ ಇನ್‌ವರ್ಟರ್ ಆರಿಸಿ, ಕೈಬಳೆ ಉಂಗುರ ತೆಗೆದಿಡಿ. ಬ್ಯಾಟರಿಯ ಎರಡು ತುದಿಗಳಿಗೆ ಚಿನ್ನದ ಬಳೆ ತಾಗಿದರೆ ಕ್ಷಣದಲ್ಲಿ ಕೆಂಡವಾಗುತ್ತದೆ.

ಮತ್ತೊಂದು ಮಾತು. ಬಲ್ಬ್ ಹೋಲ್ಡರ್ ಸರಿಪಡಿಸಲು ಮೇನ್ ಸ್ವಿಚ್ ಆರಿಸಿದರೆ ಸಾಕು ಎಂಬುದು ಇನ್‌ವರ್ಟರ್ ಇಲ್ಲದ ಕಾಲದ ಮಾತು. ಈಗ ಮೇನ್ ಆರಿಸಿದೊಡನೆ ಇನ್‌ವರ್ಟರ್ ಎದ್ದು ಅದೇ ಹೋಲ್ಡರಿಗೆ ವಿದ್ಯುತ್ ಕೊಡುತ್ತದೆ. ಎರಡನ್ನೂ ಆರಿಸಬೇಕು. ಜೋಡಣೆ ತಪ್ಪಾಗಿದ್ದರೆ ನಮ್ಮ ಮನೆಯ ವಿದ್ಯುತ್ತು ಹಿಂದಕ್ಕೆ ಲೈನಿಗೆ ಹೋಗಿ, ಕಂಬದ ಮೇಲಿರುವ ಲೈನ್‌ಮ್ಯಾನ್‌ನ ಜೀವಕ್ಕೂ ಅಪಾಯವಾದೀತು. ಅವನ ಮನೆಯಲ್ಲೂ ಮಕ್ಕಳಿದ್ದಾರೆ.

ಮದ್ರಸದಲ್ಲಿ ಮಕ್ಕಳಿಗೆ ಒಂದು ಹದೀಸ್ ಕಲಿಸುತ್ತೇವೆ. ಮದೀನಾದಲ್ಲಿ ಒಂದು ರಾತ್ರಿ ಒಂದು ಮನೆ ಒಳಗಿದ್ದವರ ಸಮೇತ ಬೆಂಕಿಗೆ ಆಹುತಿಯಾದ ಸುದ್ದಿ ಬಂದಾಗ, ಬೆಂಕಿ ನಿಮ್ಮ ಶತ್ರು, ಮಲಗುವ ಮುನ್ನ ಅದನ್ನು ಆರಿಸಿರಿ ಎಂಬರ್ಥದಲ್ಲಿ ಪ್ರವಾದಿಯವರು(ಸ) ಎಚ್ಚರಿಸಿದ್ದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದಿದೆ. ಇಲಿಯು ದೀಪದ ಬತ್ತಿಯನ್ನು ಎಳೆದು ಮನೆ ಸುಟ್ಟೀತು ಎಂಬ ಎಚ್ಚರಿಕೆಯೂ ಹದೀಸ್‌ಗಳಲ್ಲಿದೆ. ಬತ್ತಿಯ ದೀಪ ಹೋಯಿತು, ಇಲಿ ಹೋಗಿಲ್ಲ. ಅದೀಗ ಅಟ್ಟದ ಮೇಲೆ ವೈರಿನ ಪ್ಲಾಸ್ಟಿಕ್ ಕಡಿಯುತ್ತಿದೆ. ಹಂಚಿನ ಮನೆಯವರು ವರ್ಷಕ್ಕೊಮ್ಮೆಯಾದರೂ ಅಟ್ಟದ ವೈರುಗಳನ್ನು ನೋಡಿಸಬೇಕು.

ಬೆಂಕಿ ಹೆಚ್ಚಾಗಿ ಹುಟ್ಟುವುದು ಸಡಿಲವಾದ ಜೋಡಣೆಯಲ್ಲಿ, ಮಿತಿ ಮೀರಿದ ಹೊರೆಯಲ್ಲಿ. ಸಣ್ಣ ಸಾಕೆಟ್ 6 ಆಂಪಿಯರಿನದು, ಅಂದರೆ 1380 ವ್ಯಾಟ್. 1500 ವ್ಯಾಟಿನ ಕೆಟಲ್ ಒಂದೇ ಆ ಮಿತಿಯನ್ನು ದಾಟುತ್ತದೆ. ರಮಝಾನ್ ಸಂಜೆ ನಮ್ಮ ಅಡುಗೆಮನೆಗಳನ್ನು ನೆನೆಸಿಕೊಳ್ಳಿ. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಕೆಟಲ್, ಮಿಕ್ಸಿ, ಪಕ್ಕದಲ್ಲಿ ತರಾವೀಹ್‌ಗೆ ಹೋಗುವವರ ಬಟ್ಟೆಗೆ ಇಸ್ತ್ರಿ! ಪ್ಲಗ್ ಮುಟ್ಟಿದಾಗ ಬಿಸಿ ತಾಗಿದರೆ, ಸಾಕೆಟ್ ಕಂದುಬಣ್ಣಕ್ಕೆ ತಿರುಗಿದ್ದರೆ ಅದು ಒಳಗೆ ಸುಡುತ್ತಿದೆ ಎಂದೇ ಅರ್ಥ. ಫ್ಯೂಸ್ ಹಾರಿತೆಂದು ದಪ್ಪ ತಂತಿ ಸುತ್ತುವುದು ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ.

ಗಲ್ಫ್‌ನಿಂದ ಬಂದ ಸಾಮಾನಿನ ಬಗ್ಗೆಯೂ ಹೇಳಬೇಕು. ದುಬೈ, ಕತರ್ ಕಡೆಯ ಚೌಕ ಕಡ್ಡಿಯ ಪ್ಲಗ್ ನಮ್ಮ ಸಾಕೆಟ್ಟಿಗೆ ಹೊಂದುವುದಿಲ್ಲ. ಅಗ್ಗದ ಎರಡು ಕಡ್ಡಿಯ ಅಡಾಪ್ಟರ್ ಸಿಕ್ಕಿಸಿದರೆ ಸಾಧನ ನಡೆಯುತ್ತದೆ, ಆದರೆ ಅರ್ತ್ ಅಲ್ಲಿಗೇ ಕಡಿದುಹೋಗುತ್ತದೆ. ಪ್ರೀತಿಯಿಂದ ತಂದ ಇಸ್ತ್ರಿಪೆಟ್ಟಿಗೆಗೆ ಮೂರು ಕಡ್ಡಿಯ ನಮ್ಮ ಪ್ಲಗ್ ಹಾಕಿಸಲು ತಗಲುವ ಖರ್ಚು ಹೆಚ್ಚೇನಲ್ಲ. ಸೌದಿಯ ಹಳೆಯ ಸಾಧನವಾದರೆ ಅದು 127 ವೋಲ್ಟಿನದೇ ಎಂದು ಹಿಂದಿನ ಚೀಟಿ ಓದಿ. ಹೌದಾದರೆ ನಮ್ಮ 230ಕ್ಕೆ ಅದು ಸುಟ್ಟೇ ಹೋಗುತ್ತದೆ.

ಹೊಸ ಮನೆ ಕಟ್ಟುವವರು, ಹಳೆಯದನ್ನು ರಿಪೇರಿ ಮಾಡಿಸುವವರು ಒಂದು ಸಾಧನವನ್ನು ಕೇಳಿ ಹಾಕಿಸಿಕೊಳ್ಳಿ. ಅದರ ಹೆಸರು ಆರ್‌ಸಿಸಿಬಿ, 30 ಮಿಲಿಆಂಪಿಯರಿನದು. ಎಂಸಿಬಿ ಉಳಿಸುವುದು ತಂತಿಯನ್ನು, ಇದು ಉಳಿಸುವುದು ಮನುಷ್ಯನನ್ನು. ಹೋದ ವಿದ್ಯುತ್ತು ಪೂರ್ತಿ ಹಿಂದಿರುಗದೆ ಯಾರದಾದರೂ ಮೈ ಮೂಲಕ ನೆಲಕ್ಕೆ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಪದೇ ಪದೇ ಬೀಳುತ್ತದೆ, ತೆಗೆದುಬಿಡೋಣ ಎಂದು ಕೆಲವು ವೈರ್‌ಮ್ಯಾನ್‌ಗಳು ಹೇಳುತ್ತಾರೆ. ಒಪ್ಪಬೇಡಿ. ಎಲ್ಲೋ ಸೋರಿಕೆ ಇದೆ, ಇಲ್ಲವೇ ಇನ್‌ವರ್ಟರಿನ ನ್ಯೂಟ್ರಲ್ ಬೇರೆಯದರ ಜೊತೆ ಬೆರೆತಿದೆ. ಅದನ್ನು ಹುಡುಕುವುದೇ ಅವರ ಕೆಲಸ. ಕರೆಂಟ್ ಹೋಗಿ ಬ್ಯಾಟರಿಯಿಂದ ನಡೆಯುವಾಗ ಮಾತ್ರ ಮುಖ್ಯ ಬೋರ್ಡಿನ ಈ ಕಾವಲುಗಾರನಿಗೆ ಯುಪಿಎಸ್‌ನ ಆಚೆಗಿನದು ಕಾಣಿಸುವುದಿಲ್ಲ ಎಂಬುದೂ ನೆನಪಿರಲಿ.

ಗುಡುಗು ಮಿಂಚು ಶುರುವಾಗುವ ಮುನ್ನ ಕಂಪ್ಯೂಟರ್, ಟಿವಿ, ವೈಫೈ ಪೆಟ್ಟಿಗೆಗಳ ಪ್ಲಗ್ ತೆಗೆದಿಡಿ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಯುಪಿಎಸ್ ಕಾಪಾಡುವುದಿಲ್ಲ. ಬಲ್ಬುಗಳು ಏಕಾಏಕಿ ವಿಪರೀತ ಪ್ರಕಾಶಿಸಿದರೆ ಹೊರಗೆ ನ್ಯೂಟ್ರಲ್ ತಂತಿ ಕಡಿದಿರಬಹುದು. ಓಡಿ ಮೇನ್ ಆರಿಸಿ, 1912ಕ್ಕೆ ಫೋನ್ ಮಾಡಿ.

ಯಾರಿಗಾದರೂ ಶಾಕ್ ಹೊಡೆದರೆ ತಾಯಿಯ ಮನಸ್ಸು ಓಡಿ ಹೋಗಿ ಹಿಡಿದುಕೊಳ್ಳಲು ಹೇಳುತ್ತದೆ. ಹಿಡಿಯಬೇಡಿ. ಮೊದಲು ಮೇನ್ ಮತ್ತು ಇನ್‌ವರ್ಟರ್ ಆರಿಸಿ. ಆಗದಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಒತ್ತಲು ಆರಂಭಿಸಿ, 108ಕ್ಕೆ ಕರೆ ಮಾಡಿಸಿ. ವಿದ್ಯುತ್ ಬೆಂಕಿಗೆ ನೀರು ಎರಚಬೇಡಿ. ಇದನ್ನೆಲ್ಲ ಮನೆಯ ಹತ್ತು ವರ್ಷದ ಮಗುವಿಗೂ ಹೇಳಿಕೊಡಿ, ಮೇನ್ ಸ್ವಿಚ್ ಎಲ್ಲಿದೆ ಎಂದು ತೋರಿಸಿ. ಗಂಡ ವಿದೇಶದಲ್ಲಿರುವ ಮನೆಯಲ್ಲಿ ಆ ಹೊತ್ತಿಗೆ ನಿಮ್ಮನ್ನು ಬಿಟ್ಟರೆ ಇರುವುದು ಅವರೇ.

ಹಳೆಯ ಬ್ಯಾಟರಿಯನ್ನು ಹಿತ್ತಲಿಗೆ ಎಸೆಯಬೇಡಿ. ಅದರ ಸೀಸ ಮಣ್ಣಿಗೂ ಬಾವಿಗೂ ಇಳಿಯುತ್ತದೆ, ಮಕ್ಕಳ ಮೆದುಳಿಗೆ ಅದು ವಿಷ. ಅಂಗಡಿಯವರು ಅದನ್ನು ಪಡೆದು ಹೊಸದರ ಬೆಲೆಯಲ್ಲಿ ಕಡಿತ ಮಾಡುತ್ತಾರೆ.

ನಮ್ಮ ಮನೆಯಲ್ಲಿ ಹೊಸ ಅರ್ತ್ ಗುಂಡಿ ತೋಡಿಸಿ, ಆರ್‌ಸಿಸಿಬಿ ಹಾಕಿಸಿಯಾಯಿತು. ಅಂದು ಸಂಜೆ ಕಂಪ್ಯೂಟರ್ ಹಚ್ಚಿಟ್ಟು ಅತ್ತೆಯವರನ್ನು ವುಝೂವಿಗೆ ಕರೆದುಕೊಂಡು ಹೋದೆ. ನಲ್ಲಿ ತಿರುಗಿಸಿ, ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟು, "ಈಗ ಇಲ್ಲ" ಎಂದರು. ಮತ್ತೆ, "ನನ್ನ ನರಕ್ಕೆ ನೀವು ಒಳ್ಳೆಯ ಮದ್ದು ಮಾಡಿಸಿದಿರಿ" ಎಂದು ನಕ್ಕರು.