ಕದ್ರಿಯವರು ನುಡಿಸಿದ್ದು ಜಾಜೋ, ಕರ್ನಾಟಕ ಸಂಗೀತವೋ?

ನಮ್ಮ ಕರಾವಳಿಯ ಮದುವೆ ಮನೆಗೆ ಸ್ಯಾಕ್ಸೋಫೋನ್ ಏನೂ ಹೊಸತಲ್ಲ. ಆದರೆ ಕದ್ರಿ ಗೋಪಾಲನಾಥರು ಜಾಜ್‌ನವರ ಜೊತೆ ನುಡಿಸಿದ್ದನ್ನು ಕೇಳಿದವರು ಎಷ್ಟು ಮಂದಿ? ಕೇಳಿದವರಲ್ಲಂತೂ ಒಮ್ಮತವಿಲ್ಲ. ಸಂಗೀತ ಕೆಟ್ಟಿತು ಅಂತ ಒಬ್ಬರು, ಬೆಳೆಯಿತು ಸ್ವಾಮಿ ಅಂತ ಇನ್ನೊಬ್ಬರು.

1980ರ ಮುಂಬಯಿ ಜಾಜ್ ಉತ್ಸವದಲ್ಲಿ ಕದ್ರಿಯವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ನಾನೂ ಜೊತೆಗೆ ನುಡಿಸಲೇ ಎಂದು ತಾವಾಗಿಯೇ ಕೇಳಿ ವೇದಿಕೆ ಹತ್ತಿದರು. 2008ರ 'ಕಿನ್ಸ್‌ಮೆನ್' ಆಲ್ಬಂನಲ್ಲಿ ಜೊತೆಗಾರ ರುದ್ರೇಶ್ ಮಹಾಂತಪ್ಪ. ಕರ್ನಾಟಕ ಮೂಲದವರೇ, ಬೆಳೆದದ್ದು ಅಮೆರಿಕದಲ್ಲಿ. ಅಣ್ಣ ತಮಾಷೆಗೆಂದು ಕೊಟ್ಟ ಆಲ್ಬಂ ಒಂದರಿಂದ ಅವರಿಗೆ ಕದ್ರಿಯವರ ಪರಿಚಯ! ಎರಡೂ ಸ್ಯಾಕ್ಸೋಫೋನೇ ಆದರೂ ಯಾರದ್ದು ಯಾವುದೆಂದು ಗೊತ್ತಾಗಿಬಿಡುತ್ತದೆ: ಕದ್ರಿಯವರದ್ದು ಗಮಕದಲ್ಲಿ ಜಾರುತ್ತದೆ, ರುದ್ರೇಶರದ್ದು ಬಿರುಸಾಗಿ ಕುಟ್ಟುತ್ತದೆ. ಕನ್ಯಾಕುಮಾರಿಯವರ ಪಿಟೀಲೂ ಇದೆ. ನನ್ನ ಮಟ್ಟಿಗೆ ಕೆಟ್ಟದ್ದೇನೂ ಕಾಣಲಿಲ್ಲ.

ಜಾಜ್ ಜಗಳ ಹಾಗಿರಲಿ. ಊರಿನ ಮಾತು ಬೇರೆಯೇ ಇದೆ. ಕದ್ರಿಯವರ ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನ ಹೆಸರು ಬೆಳೆದ ಮೇಲೆ ದೇವಸ್ಥಾನದ ಉತ್ಸವ, ಮದುವೆಗಳಲ್ಲಿ ನಾಗಸ್ವರದ ಜಾಗಕ್ಕೆ ಸ್ಯಾಕ್ಸೋಫೋನ್ ಬಂತು. 2019ರ ಅಕ್ಟೋಬರ್ 11ರಂದು ಕದ್ರಿಯವರು ತೀರಿಕೊಂಡರು. ಅವರ ದಾರಿ ಹಿಡಿದ ಹುಡುಗರು ಬೇಕಾದಷ್ಟಿದ್ದಾರೆ. ತನಿಯಪ್ಪನವರ ನಾಗಸ್ವರ ಹಿಡಿಯುವವರು ಯಾರು?