ಸುದ್ದಿಗೆ ಬಹುಮಾನ, ಹೆಸರಿಗೆ ಮಸಿ

ಯುದ್ಧಭೂಮಿಯಲ್ಲಿ ಮೈಕ್ ಹಿಡಿದು ನಿಂತ ವರದಿಗಾರ್ತಿ ಇವತ್ತಿನ ಟಿ.ವಿ. ನೋಡುಗರಿಗೆ ಹೊಸಬಳಲ್ಲ. ಅವಳು ಅಲ್ಲಿಗೆ ತಲುಪಿದ ದಾರಿಯಲ್ಲಿ 1950ರ ಜುಲೈ ತಿಂಗಳ ಒಂದು ತಂತಿ ಸಂದೇಶವಿದೆ. ಕೊರಿಯಾದ ರಣರಂಗದಲ್ಲಿ ಮಹಿಳಾ ವರದಿಗಾರರ ಮೇಲಿದ್ದ ನಿಷೇಧವನ್ನು ತೆಗೆದುಹಾಕಲಾಗಿದೆ ಎಂದು ಅಲ್ಲಿನ ಸರ್ವಸೇನಾನಿ ಜನರಲ್ ಮೆಕಾರ್ಥರ್ ‘ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್’ ಪತ್ರಿಕೆಗೆ ಕಳಿಸಿದ ತಂತಿ ಅದು. ಅದನ್ನು ಕಳಿಸುವಂತೆ ಮಾಡಿದವಳು ಮಾರ್ಗರೀಟ್ ಹಿಗಿನ್ಸ್, ಆಗ ಇನ್ನೂ ಮೂವತ್ತು ತುಂಬದವಳು. ಎರಡನೇ ಮಹಾಯುದ್ಧ ಹೆಣ್ಣಿಗೆ ಸುದ್ದಿಮನೆಯ ಬಾಗಿಲು ತೆರೆಯಿತು ಎಂಬ ಮಾತನ್ನು ನಾವು ಸಲೀಸಾಗಿ ಒಪ್ಪಿಬಿಡುತ್ತೇವೆ. ಬಾಗಿಲು ತೆರೆದದ್ದು ನಿಜ, ಆದರೆ ಗಂಡಸರೆಲ್ಲ ಸೈನ್ಯಕ್ಕೆ ಹೋದದ್ದರಿಂದ. ಅವರು ಮರಳಿದ ಮೇಲೆ ಅದನ್ನು ಮತ್ತೆ ಮುಚ್ಚಲು ಯಾರೂ ಕೆಲಸದಲ್ಲಿ ತಪ್ಪು ಹುಡುಕುವ ಗೋಜಿಗೆ ಹೋಗಲಿಲ್ಲ. ವರದಿಗಾರ್ತಿಯ ಪ್ರೇಮ, ಮದುವೆ, ನಡತೆಗಳೇ ಸಾಕಾದವು.

ಹಿಗಿನ್ಸ್ ಹುಟ್ಟಿದ್ದು 1920ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ತಂದೆ ಅಮೆರಿಕನ್, ತಾಯಿ ಫ್ರೆಂಚ್. ಬರ್ಕ್ಲಿ, ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ 1942ರಲ್ಲಿ ಹೆರಾಲ್ಡ್ ಟ್ರಿಬ್ಯೂನ್ ಸೇರಿದಳು. ಅದೇ ವರ್ಷ ತತ್ತ್ವಶಾಸ್ತ್ರದ ಅಧ್ಯಾಪಕ ಸ್ಟ್ಯಾನ್ಲಿ ಮೂರ್ ಜೊತೆ ಮದುವೆ. ಯುರೋಪಿಗೆ ಕಳಿಸಿ ಎಂದು ಸಂಪಾದಕರನ್ನು ಕೇಳಿ ಕೇಳಿ ಸಾಕಾಗಿ, ಕೊನೆಗೆ ಮಾಲೀಕರ ಪತ್ನಿ ಹೆಲೆನ್ ರೀಡ್ ಅವರನ್ನೇ ಒಪ್ಪಿಸಿ 1944ರಲ್ಲಿ ಹೊರಟಳು. 1945ರ ಏಪ್ರಿಲ್ 29ರಂದು ಡಾಖಾವ್ ಯಾತನಾ ಶಿಬಿರ ಬಿಡುಗಡೆಯಾದಾಗ ಅಮೆರಿಕನ್ ಸೇನೆಯ ಮೊದಲ ಸಾಲಿನವರೊಂದಿಗೆ ಆಕೆಯೂ ಒಳಗಿದ್ದಳು. 1947ರಲ್ಲಿ ಪತ್ರಿಕೆಯ ಬರ್ಲಿನ್ ಕಚೇರಿಗೆ ಆಕೆಯೇ ಮುಖ್ಯಸ್ಥೆ. ಅಷ್ಟರಲ್ಲಿ ಮದುವೆ ಮುರಿದಿತ್ತು.

ಬರ್ಲಿನ್‌ನಲ್ಲಿ ಶುರುವಾದದ್ದು ಎರಡು ಕಥೆ. ಒಂದು, ಸೋವಿಯತ್ ದಿಗ್ಬಂಧನ ಮತ್ತು ವಿಮಾನಗಳಲ್ಲಿ ಹಿಟ್ಟು, ಕಲ್ಲಿದ್ದಲು ತಂದಿಳಿಸಿದ ಸಾಹಸ. ಅದನ್ನು ಆಕೆ ಬರೆದಳು. ಇನ್ನೊಂದು, ಅಲ್ಲಿದ್ದ ಸೇನಾಧಿಕಾರಿ ವಿಲಿಯಂ ಹಾಲ್ ಜೊತೆ ಆಕೆಯ ಪ್ರೇಮ. ಅದನ್ನು ಊರವರೆಲ್ಲ ಬರೆದರು. ಆತನಿಗೆ ಹೆಂಡತಿ ಮಕ್ಕಳಿದ್ದರು. ಅಧಿಕಾರಿಯನ್ನು ಒಲಿಸಿಕೊಂಡು ಸುದ್ದಿ ಹೊಡೆಯುತ್ತಾಳೆ ಎಂಬ ಗುಸುಗುಸು ವರದಿಗಾರರ ಬಿಡಾರದಲ್ಲಿ ಹಬ್ಬಿತು. ಟೋನಿ ಹೋವರ್ಡ್ ಎಂಬ ಲೇಖಕಿ ಯುದ್ಧಾನಂತರದ ಬರ್ಲಿನ್‌ನ ಹೇಸದ ವರದಿಗಾರ್ತಿಯೊಬ್ಬಳ ಕುರಿತು ಕಾದಂಬರಿಯನ್ನೇ ಪ್ರಕಟಿಸಿದಳು. ಓದಿದವರಿಗೆ ಅದು ಯಾರು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಕಲ್ಲೆಸೆದವರು ಗಂಡಸರು ಮಾತ್ರ ಎಂದು ಹೇಳುವವರು ಇದನ್ನು ಗಮನಿಸಬೇಕು.

ಕೊರಿಯಾದಲ್ಲಿ ಯುದ್ಧ ಶುರುವಾದದ್ದು 1950ರ ಜೂನ್ 25ಕ್ಕೆ. ಆಗ ಟೋಕಿಯೊ ಕಚೇರಿಯಲ್ಲಿದ್ದ ಹಿಗಿನ್ಸ್ ಎರಡೇ ದಿನಕ್ಕೆ ಸೋಲ್ ತಲುಪಿದಳು. ಹಾನ್ ನದಿಯ ಸೇತುವೆಯನ್ನು ದಕ್ಷಿಣ ಕೊರಿಯಾದ ಸೇನೆಯೇ ಸಿಡಿಸಿದಾಗ ನಿರಾಶ್ರಿತರ ನಡುವೆ ನದಿ ದಾಟಿ, ಸುವಾನ್‌ ದಾರಿ ಹಿಡಿದಳು. ಅವಳದೇ ಪತ್ರಿಕೆ ಹಿರಿಯ ವರದಿಗಾರ ಹೋಮರ್ ಬಿಗಾರ್ಟ್‌ನನ್ನು ಕಳಿಸಿತು. ಆತ ಬಂದವನೇ ನೀನು ಟೋಕಿಯೊಗೆ ಹೊರಡು ಎಂದ. ಆಕೆ ಕದಲಲಿಲ್ಲ. ಆಮೇಲೆ ಅಲ್ಲಿನ ಅಮೆರಿಕನ್ ನೆಲಸೇನೆಯ ಮುಖ್ಯಸ್ಥ ಜನರಲ್ ವಾಕರ್‌ನ ಆಜ್ಞೆಯೇ ಬಂತು: ಮುಂಚೂಣಿಯಲ್ಲಿ ಹೆಂಗಸರಿಗೆ ಶೌಚದ ವ್ಯವಸ್ಥೆಯಿಲ್ಲ, ಆದ್ದರಿಂದ ದೇಶ ಬಿಡಬೇಕು. (ಆರು ವರ್ಷ ಹಿಂದೆ ಇನ್ನೊಬ್ಬ ಯುದ್ಧ ವರದಿಗಾರ್ತಿ ಮಾರ್ಥಾ ಗೆಲ್‌ಹಾರ್ನ್ ನಾರ್ಮಂಡಿ ದಂಡೆ ಸೇರಿದ್ದು ಆಸ್ಪತ್ರೆ ಹಡಗೊಂದರ ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು ಅಡಗಿ ಕೂತು. ಶೌಚಾಲಯವಿದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ.) ಹಿಗಿನ್ಸ್ ನೇರ ಮೆಕಾರ್ಥರ್‌ಗೆ ಮೊರೆಯಿಟ್ಟಳು, ಆಜ್ಞೆ ರದ್ದಾಯಿತು. ಸೆಪ್ಟೆಂಬರ್ 15ರ ಇಳಿಹೊತ್ತಿನಲ್ಲಿ ಇಂಚಾನ್ ತೀರದಲ್ಲಿ ಹತ್ತಡಿ ಎತ್ತರದ ಕಡಲಗೋಡೆ ಹತ್ತುತ್ತಿದ್ದ ಮರೀನ್ ಸೈನಿಕರ ಐದನೇ ಸಾಲಿನೊಡನೆ ಆಕೆ ದೋಣಿಯಿಂದ ಇಳಿದಳು. ಮರುವರ್ಷ ಪುಲಿಟ್ಜರ್ ಬಂತು. ಹಂಚಿಕೊಂಡ ಆರು ಮಂದಿಯಲ್ಲಿ ಆಕೆಯೊಬ್ಬಳೇ ಹೆಣ್ಣು. ಬಿಗಾರ್ಟ್ ಕೂಡ ಆ ಪಟ್ಟಿಯಲ್ಲಿದ್ದ.

ನನ್ನ ಈ ವಾದಕ್ಕೆ ಆಕ್ಷೇಪವುಂಟು. ಹಿಗಿನ್ಸ್ ನಿಜಕ್ಕೂ ನಿಷ್ಠುರಿ, ಇನ್ನೊಬ್ಬರನ್ನು ತುಳಿದು ಮುಂದೆ ಹೋಗುವವಳು, ರೂಪವನ್ನೂ ಬಂಡವಾಳ ಮಾಡಿಕೊಂಡವಳು ಎಂದು ಜೊತೆಗಾರರೇ ಹೇಳಿದ್ದಾರೆ. ಹಾಗಿರುವಾಗ ಅವಳನ್ನು ಬಲಿಪಶು ಮಾಡುವುದೇಕೆ? ಬಲಿಪಶು ಎನ್ನುವುದು ನನ್ನ ಮಾತಲ್ಲ. ಆಕೆ ಹಟಮಾರಿ, ಕೆಲವೊಮ್ಮೆ ಸಹಿಸಲಾಗದವಳು ಎಂದೇ ಇಟ್ಟುಕೊಳ್ಳೋಣ. ಸಹೋದ್ಯೋಗಿಯನ್ನು ರಣರಂಗದಿಂದಲೇ ಓಡಿಸಲು ನೋಡಿದ ಬಿಗಾರ್ಟ್‌ನದು ಯಾವ ಸೌಜನ್ಯ? ಅವನಿಗೆ ಅದು ವೃತ್ತಿಯ ಛಲವೆನಿಸಿತು, ಇವಳಿಗೆ ನಡತೆಯ ದೋಷವಾಯಿತು. ಸೇನಾಧಿಕಾರಿಯ ಸ್ನೇಹದಿಂದ ಬರ್ಲಿನ್‌ನಲ್ಲಿ ಸುದ್ದಿ ಸಿಕ್ಕಿತೆಂದೇ ಒಪ್ಪಿದರೂ, ಇಂಚಾನ್‌ನ ಗೋಡೆಯ ಬುಡದಲ್ಲಿ ಗುಂಡಿನ ಮಳೆಗೆ ಆ ಸ್ನೇಹ ಕೊಡೆ ಹಿಡಿಯಲಿಲ್ಲ.

ಪ್ರೇಮ ಬೇಕೆಂದರೆ ವೃತ್ತಿ ಬಿಡಬೇಕಿತ್ತು, ಎರಡನ್ನೂ ಕೇಳಿದ್ದು ಅತಿಯಾಸೆ ಎನ್ನುವವರೂ ಇದ್ದರು. ಗೆಲ್‌ಹಾರ್ನ್ ಕಥೆ ನೋಡಿ. ಗಂಡ, ಕಾದಂಬರಿಕಾರ ಹೆಮಿಂಗ್ವೆ, ಆಕೆ ಬರೆಯುತ್ತಿದ್ದ ‘ಕೊಲಿಯರ್ಸ್’ ಪತ್ರಿಕೆಯ ಮುಂಚೂಣಿ ಪರವಾನಗಿಯನ್ನೇ 1944ರಲ್ಲಿ ತನ್ನದಾಗಿಸಿಕೊಂಡ, ಮರುವರ್ಷ ವಿಚ್ಛೇದನ. 1946ರಲ್ಲಿ ಆಕೆ ಗೆಳತಿ ವರ್ಜೀನಿಯಾ ಕೌಲ್ಸ್ ಜೊತೆ ಸೇರಿ ಪ್ರೇಮಕ್ಕೂ ಸುದ್ದಿಗೂ ನಡುವೆ ಸಿಕ್ಕಿದ ಇಬ್ಬರು ವರದಿಗಾರ್ತಿಯರ ಬಗ್ಗೆ ಹಾಸ್ಯನಾಟಕ ಬರೆದಳು. ಲಂಡನ್ ನಕ್ಕಿತು, ನ್ಯೂಯಾರ್ಕ್‌ನಲ್ಲಿ ನಾಟಕ ಕೆಲವೇ ದಿನಕ್ಕೆ ಮುಗಿಯಿತು. ಹಿಗಿನ್ಸ್ ಮಾತ್ರ ಎರಡನ್ನೂ ಬಿಡಲಿಲ್ಲ. 1952ರಲ್ಲಿ ಹಾಲ್‌ನನ್ನು ಮದುವೆಯಾದಳು. ಮೊದಲ ಮಗು ಹುಟ್ಟಿದ ಕೆಲವೇ ದಿನಕ್ಕೆ ತೀರಿಕೊಂಡಿತು. ಆಮೇಲೆ ಒಂದು ಗಂಡು, ಒಂದು ಹೆಣ್ಣು. ವಿಯೆಟ್ನಾಂಗೂ ಹೋದಳು. ಅಲ್ಲಿನ ಸರ್ಕಾರದ ಪರವಾಗಿ ಆಕೆ ಬರೆದದ್ದರಲ್ಲಿ ಬಹಳಷ್ಟು ಕಾಲದ ಮುಂದೆ ನಿಲ್ಲಲಿಲ್ಲ. ಅದು ಅವಳ ಬರಹದ ಮೇಲಿನ ನ್ಯಾಯವಾದ ದೂರು, ಅಂಥ ದೂರಿಗೆ ಮಾತ್ರ ಆಕೆ ಉತ್ತರ ಕೊಡಬೇಕಿತ್ತು.

ಪೂರ್ವದೇಶಗಳ ಕೊನೆಯ ಪ್ರವಾಸದಲ್ಲಿ ತಗುಲಿದ ಲೀಶ್ಮೇನಿಯಾ ಸೋಂಕಿನಿಂದ 1966ರ ಜನವರಿ 3ರಂದು ಹಿಗಿನ್ಸ್ ಸತ್ತಳು, ವಯಸ್ಸು ನಲವತ್ತೈದು. ಸೈನಿಕಳಲ್ಲದ ಅವಳ ಸಮಾಧಿ ಇರುವುದು ಆರ್ಲಿಂಗ್ಟನ್‌ನ ಸೈನಿಕ ಸ್ಮಶಾನದಲ್ಲಿ. ಅವಳ ಪ್ರೇಮದ ಕಥೆ ಕೇಳುವ ಕುತೂಹಲವಿದ್ದವರು ಮೊದಲು ಇಂಚಾನ್ ವರದಿಯನ್ನು ಓದಲಿ.